ಹಳೆಯ ಚಿತ್ರಗಳಲ್ಲಿ ಕಂಡ ದಾಸೋಹದ ಲೆಕ್ಕ



ಈ ಅಂಕಣದಲ್ಲಿ ವಚನ, ಶರಣಚರಿತ್ರೆ, ಗೃಹಸ್ಥಧರ್ಮಗಳ ವಿಚಾರ ಬರುವುದು ವಾಡಿಕೆ. ಈ ಸಲ ಚಲನಚಿತ್ರಗಳ ಮಾತನ್ನೆತ್ತಿಕೊಂಡಿರುವುದನ್ನು ಕಂಡು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ನಮ್ಮ ಮನೆಗಳಲ್ಲಿ ಪುರಾಣ ಪ್ರವಚನ ಕೇಳುವವರಿಗಿಂತ ಚಿತ್ರ ನೋಡುವವರ ಸಂಖ್ಯೆ ಎಂದೋ ಹೆಚ್ಚಿದೆ. ನೋಡುವುದು ತಪ್ಪದೆಂದ ಮೇಲೆ, ನೋಡಿದ್ದನ್ನು ಕುರಿತು ಮನೆಮಂದಿ ಕೂಡಿ ವಿಚಾರ ಮಾಡುವುದಾದರೂ ನಡೆಯಲಿ ಎಂಬುದು ನಮ್ಮ ಆಶಯ.

ಕಳೆದ ಶ್ರಾವಣದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳ ಸಮಾಜ ಬಾಂಧವರ ಮನೆಗಳಿಗೆ ಹೋಗಿ ಬರುವ ಸಂದರ್ಭ ಒದಗಿತ್ತು. ಸಂಜೆಯ ಹೊತ್ತು ಅಲ್ಲಲ್ಲಿ ಮನೆಯವರೊಡನೆ ಕುಳಿತು ನಾಲ್ಕು ಹಳೆಯ ಕನ್ನಡ ಚಿತ್ರಗಳನ್ನು ನೋಡಿದೆವು. ಹಿಂದೆ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲಕ್ಕೆ ಕುಳಿತು ನೋಡಿದ ಅಜ್ಜಂದಿರೂ, ಕಿಸೆಯ ಫೋನಿನಿಂದ ಮನೆಯ ಟೀವಿಗೆ ಚಿತ್ರವನ್ನು ತರಿಸಬಲ್ಲ ಮೊಮ್ಮಕ್ಕಳೂ ಒಟ್ಟಿಗೆ ಕುಳಿತಿದ್ದರು. ಆ ನಾಲ್ಕು ಚಿತ್ರಗಳನ್ನು ಕುರಿತು ನಮಗೆ ತೋಚಿದ ಅಭಿಪ್ರಾಯಗಳನ್ನು ವಾಚಕರ ಮುಂದಿಡುತ್ತಿದ್ದೇವೆ. ಇದು ವಿಮರ್ಶಕರ ತೀರ್ಪಲ್ಲ, ಗೃಹಸ್ಥರ ಮಾತು.

ಕಣ್ಣು ಕೊಟ್ಟ ಬೇಡ

ಚಿಂತಾಮಣಿಯಲ್ಲಿ ನೋಡಿದ್ದು ‘ಬೇಡರ ಕಣ್ಣಪ್ಪ’. 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ ಈ ಚಿತ್ರದಿಂದಲೇ ರಾಜ್‌ಕುಮಾರ್ ನಾಯಕನಟರಾದರು. ಹಾಸ್ಯನಟ ನರಸಿಂಹರಾಜು ಅವರಿಗೂ ಹೆಸರು ತಂದ ಚಿತ್ರವಿದು. ನೀಲೆಯ ಪಾತ್ರದಲ್ಲಿ ಪಂಢರಿಬಾಯಿ ಇದ್ದಾರೆ.

ಚಿಂತಾಮಣಿಯ ಸೀಮೆ ಎರಡು ಭಾಷೆಗಳ ನೆಲ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ಒಮ್ಮೊಮ್ಮೆ ಒಂದೇ ವಾಕ್ಯದಲ್ಲಿ ಎರಡೂ. ಸಮೀಪದ ಕೈವಾರದ ತಾತಯ್ಯನವರ ಕೀರ್ತನೆಗಳು ಎರಡು ಭಾಷೆಗಳಲ್ಲಿಯೂ ಇವೆ. ಇಂಥ ನೆಲದಲ್ಲಿ ಕಣ್ಣಪ್ಪನ ಕಥೆಯನ್ನು ನೋಡುವುದಕ್ಕೆ ಒಂದು ವಿಶೇಷ ಅರ್ಥವಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಅಂದು ಪುರಾಣವು ತೆಲುಗಿನಿಂದ ಕನ್ನಡಕ್ಕೆ ಬಂದರೆ, ಸುಮಾರು ಆರು ಶತಮಾನಗಳ ಬಳಿಕ ಚಿತ್ರವು ಕನ್ನಡದಿಂದ ತೆಲುಗಿಗೆ ಹೋಯಿತು. ಬೇಡರ ಕಣ್ಣಪ್ಪನ ಕಥೆಯೇ ‘ಕಾಳಹಸ್ತಿ ಮಹಾತ್ಮ್ಯಂ’ ಎಂಬ ಹೆಸರಿನಲ್ಲಿ, ರಾಜ್‌ಕುಮಾರ್ ಅವರನ್ನೇ ನಾಯಕನನ್ನಾಗಿ ಇಟ್ಟುಕೊಂಡು ತೆಲುಗಿನಲ್ಲಿ ತೆರೆಗೆ ಬಂದಿತು. ನಮ್ಮ ಶರಣಪರಂಪರೆಗೆ ಭಾಷೆಯ ಗಡಿ ಎಂದೂ ಗೋಡೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಚಿತ್ರದ ತಾಂತ್ರಿಕ ಭಾಗ ಇಂದಿನ ಕಣ್ಣಿಗೆ ಬಡವಾಗಿ ಕಾಣುವುದು ಸಹಜ. ಸಂಭಾಷಣೆಯಲ್ಲಿ ಕಂಪನಿ ನಾಟಕದ ಏರುದನಿಯಿದೆ. ಆದರೂ ಮಡಿ, ಮಂತ್ರ, ಕುಲಗಳ ಬಲವಿಲ್ಲದ ಬೇಡನೊಬ್ಬನು ತನ್ನ ಕಣ್ಣನ್ನೇ ಕಿತ್ತು ಲಿಂಗಕ್ಕೆ ಅರ್ಪಿಸುವ ಸನ್ನಿವೇಶ ಬಂದಾಗ ಕೋಣೆಯಲ್ಲಿ ಉಸಿರಾಟದ ಸದ್ದೂ ಕೇಳಿಸಲಿಲ್ಲ. ಹರಿಹರನ ಕಾಲದಿಂದ ನಮ್ಮವರು ಕಣ್ಣಪ್ಪನನ್ನು ಕೊಂಡಾಡುತ್ತ ಬಂದಿರುವುದು ಇದಕ್ಕಾಗಿಯೇ. ಭಕ್ತಿಗೆ ಕುಲವಿಲ್ಲ, ಕೊಡುವವನಿಗೆ ಲೆಕ್ಕವಿಲ್ಲ.

ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಕಣ್ಣಪ್ಪನು ಕೊಟ್ಟದ್ದು ಶಿವನಿಗೆ. ಶಿವನಲ್ಲಿ ಲೆಕ್ಕ ಬೇಡ, ಮಾತೂ ಬೇಡ. ಆದರೆ ಮನುಷ್ಯರು ಮನುಷ್ಯರಿಗೆ ಕೊಡುವಾಗಲೂ ಇದೇ ಮೌನ ಸಲ್ಲುತ್ತದೆಯೆ? ಉಳಿದ ಮೂರು ಚಿತ್ರಗಳು ನಮ್ಮ ಮುಂದಿಟ್ಟದ್ದು ಈ ಪ್ರಶ್ನೆಯನ್ನು.

ಕಲ್ಯಾಣದ ಭಂಡಾರ

ಗೌರಿಬಿದನೂರಿನಲ್ಲಿ ನೋಡಿದ್ದು 1959ರ ‘ಜಗಜ್ಯೋತಿ ಬಸವೇಶ್ವರ’. ನಿರ್ದೇಶಕರು ಟಿ. ವಿ. ಸಿಂಗ್ ಠಾಕೂರ್. ಬಸವಣ್ಣನವರ ಪಾತ್ರದಲ್ಲಿ ಹೊನ್ನಪ್ಪ ಭಾಗವತರು, ಬಿಜ್ಜಳನಾಗಿ ರಾಜ್‌ಕುಮಾರ್. ಹಾಡಬಲ್ಲವನೇ ನಟನಾಗಬೇಕೆಂಬ ಕಾಲದ ಕೊನೆಯ ಹಿರಿಯರಲ್ಲಿ ಒಬ್ಬರು ಭಾಗವತರು. ಅವರ ಕಂಠವನ್ನು ಇಂದಿನ ಮಕ್ಕಳಿಗೆ ಕೇಳಿಸುವುದಕ್ಕಾದರೂ ಈ ಚಿತ್ರವನ್ನು ತೋರಿಸಬೇಕು.

ಇಂಥ ಭಕ್ತಿಚಿತ್ರಗಳನ್ನು ನೋಡುವಾಗ ಕಾಲೇಜಿಗೆ ಹೋಗುವ ಮಕ್ಕಳು, “ಇದೆಲ್ಲ ನಿಜವಾಗಿ ನಡೆದದ್ದೆ?” ಎಂದು ಕೇಳುತ್ತಾರೆ. ಆ ಮನೆಯಲ್ಲಿಯೂ ಕೇಳಿದರು. ಕೇಳಿದವರನ್ನು ಗದರಿಸಬಾರದೆಂಬುದು ನಮ್ಮ ಅಭಿಪ್ರಾಯ. ಗೌರಿಬಿದನೂರು ತಾಲ್ಲೂಕಿನ ಹೊಸೂರು ಡಾ. ಎಚ್. ನರಸಿಂಹಯ್ಯನವರ ಹುಟ್ಟೂರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಅವರು 1976ರಲ್ಲಿ ಪವಾಡಗಳ ಪರಿಶೀಲನೆಗೆಂದೇ ಒಂದು ಸಮಿತಿಯನ್ನು ರಚಿಸಿದ್ದರು. ಆ ನೆಲದ ಮಕ್ಕಳು ಪ್ರಶ್ನೆ ಕೇಳದಿದ್ದರೆ ಇನ್ನಾರು ಕೇಳಬೇಕು? ಬಸವಣ್ಣನವರು ಕಟ್ಟಿದ ಅನುಭವ ಮಂಟಪವೂ ಪ್ರಶ್ನೋತ್ತರಗಳ ಮೇಲೆಯೇ ನಿಂತಿದ್ದಿತು. ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಅರಿವಿಗೆ ಬಿಟ್ಟದ್ದು. ಪವಾಡದ ಹಿಂದಿರುವ ನಡೆಯನ್ನು ಮಾತ್ರ ಮಕ್ಕಳಿಗೆ ಬಿಡಿಸಿ ಹೇಳುವ ಹೊಣೆ ಹಿರಿಯರದು.

ಬಸವಣ್ಣನವರ ಚರಿತ್ರೆಯಲ್ಲಿ ನಮ್ಮ ಮನೆಗಳಿಗೆ ಅತ್ಯಂತ ಹತ್ತಿರವಾದ ಪ್ರಸಂಗ ಭಂಡಾರದ್ದು. ಬಸವಣ್ಣನವರು ಬಿಜ್ಜಳನ ಭಂಡಾರಿ. ಮಹಾಮನೆಯಲ್ಲಿ ನಿತ್ಯವೂ ಜಂಗಮದಾಸೋಹ. ಅದನ್ನು ಸಹಿಸದವರು, ‘ಅರಸನ ಹಣ ಜಂಗಮರ ಪಾಲಾಗುತ್ತಿದೆ’ ಎಂದು ದೂರಿತ್ತರು. ಪುರಾಣಗಳು ಹೇಳುವಂತೆ ಬಸವಣ್ಣನವರು ಸಿಟ್ಟಾಗಲಿಲ್ಲ, ಮುನಿಸಿಕೊಂಡು ಊರು ಬಿಡಲಿಲ್ಲ. ಭಂಡಾರವನ್ನು ತೆರೆಯಿಸಿ, ಹಣವನ್ನು ಎಣಿಸಿ ನೋಡೆಂದರು. ಎಣಿಸಿದರೆ ಒಂದು ಕಾಸೂ ಕಡಿಮೆಯಿರಲಿಲ್ಲ.

ದಾಸೋಹವೆಂದರೆ ಬರಿಯ ಕೊಡುಗೈ ಎಂದು ನಾವು ತಿಳಿದಿದ್ದೇವೆ. ಈ ಪ್ರಸಂಗವನ್ನು ನೋಡಿದರೆ ದಾಸೋಹಕ್ಕೆ ಇನ್ನೊಂದು ಕೈಯೂ ಇದೆ: ಅದು ಲೆಕ್ಕವನ್ನು ಬಿಚ್ಚಿಡುವ ಕೈ. ಕೊಡುವವನು ಪ್ರಶ್ನೆಗೆ ಅತೀತನಲ್ಲ. ಅರಸನ ಮುಂದೆ ಲೆಕ್ಕ ತೆರೆದಿಟ್ಟದ್ದರಿಂದ ಬಸವಣ್ಣನವರ ಹಿರಿಮೆ ಕುಗ್ಗಲಿಲ್ಲ, ಹೆಚ್ಚಿತು.

ಎದ್ದುಹೋದ ಬಂಗಾರದ ಮನುಷ್ಯ

ಚಿಕ್ಕಬಳ್ಳಾಪುರದ ಸಂಜೆಗೆ ‘ಬಂಗಾರದ ಮನುಷ್ಯ’. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ 1972ರಲ್ಲಿ ತೆರೆಕಂಡಿತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಖ್ಯಾತಿ ಇದರದು. ಚಿತ್ರವನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹಿಂತಿರುಗಿ ಬೇಸಾಯಕ್ಕೆ ತೊಡಗಿದ ತರುಣರಿದ್ದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ.

ಕಥೆ ಎಲ್ಲರಿಗೂ ತಿಳಿದದ್ದೇ. ರಾಜೀವನು ಅಕ್ಕನ ಮನೆಗೆ ಬರುತ್ತಾನೆ. ಬಂದ ಹೊತ್ತಿಗೇ ಭಾವನ ಮರಣ. ಸಾಲದಲ್ಲಿ ಮುಳುಗಿದ ಮನೆಯನ್ನು ಬಿಟ್ಟುಹೋಗಲಾರದೆ ಅಲ್ಲಿಯೇ ನಿಲ್ಲುತ್ತಾನೆ. ಬಂಡೆಗಳಿಂದ ತುಂಬಿದ ಬರಡು ನೆಲವನ್ನು ಹಸನು ಮಾಡುತ್ತಾನೆ. ಅಕ್ಕನ ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡುತ್ತಾನೆ. ಕೈಹಿಡಿದ ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ ತಾನು ಬೆಳೆಸಿದ ಮಕ್ಕಳಿಂದಲೇ ಸಂಶಯದ ಮಾತು ಕೇಳಿ, ಊಟದ ಎಲೆಯ ಮುಂದಿನಿಂದ ಎದ್ದು, ಮನೆ ಬಿಟ್ಟು ನಡೆದುಬಿಡುತ್ತಾನೆ.

ಬಂಡೆ ಒಡೆಯುವ ದೃಶ್ಯಗಳನ್ನು ನಂದಿಬೆಟ್ಟದ ತಪ್ಪಲಿನಲ್ಲಿ ಕುಳಿತು ನೋಡುವಾಗ ಮನಸ್ಸು ಬೇರೆಯೇ ದಾರಿ ಹಿಡಿಯುತ್ತದೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿಗಳು ಹುಟ್ಟುವುದು ಈ ಬೆಟ್ಟಗಳ ಸಾಲಿನಲ್ಲಿಯೇ. ಆದರೂ ನದಿಗಳ ತವರಿನವರಿಗೆ ನೀರಿಲ್ಲ. ರಾಜೀವನ ಕಾಲದಲ್ಲಿ ಬಂಡೆ ಒಡೆದು ಬಾವಿ ತೋಡಿದವನಿಗೆ ನೀರು ಸಿಕ್ಕೀತೆಂಬ ಭರವಸೆಯಿತ್ತು. ಇಂದು ಸಾವಿರ ಅಡಿ ದಾಟಿ ಕೊರೆದರೂ ಬರಿಯ ಧೂಳೆದ್ದ ಕೊಳವೆಬಾವಿಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ನೀರು ಬಂದಲ್ಲಿ ಫ್ಲೋರೈಡಿನ ಭಯ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಸಂಸ್ಕರಿಸಿ ಈ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಬಂದಿದೆ. ಅದರ ಗುಣದೋಷಗಳ ಚರ್ಚೆಯೂ ಜೊತೆಗೇ ನಡೆದಿದೆ. ಆದುದರಿಂದ ಇಂದಿನ ರೈತಮಕ್ಕಳಿಗೆ ಈ ಚಿತ್ರವನ್ನು ತೋರಿಸುವವರು ಒಂದು ಮಾತನ್ನು ಸೇರಿಸಿ ಹೇಳಬೇಕು. ಒಬ್ಬನ ರಟ್ಟೆಯ ಬಲದಿಂದ ನೆಲದಾಳದ ನೀರು ಮೇಲೆ ಬರುವ ಕಾಲ ಮುಗಿಯಿತು. ಊರೆಲ್ಲ ಕೂಡಿ ಕೆರೆಯ ಹೂಳೆತ್ತಿ, ರಾಜಕಾಲುವೆ ಉಳಿಸಿ, ಮಳೆಯ ನೀರನ್ನು ಹಿಡಿದಿಡುವುದೇ ಇನ್ನು ಮುಂದಿನ ಕಾಯಕ.

ಆದರೆ ಅಂದು ನಮ್ಮನ್ನು ಹೆಚ್ಚು ಕಾಡಿದ್ದು ನೀರಿನ ಮಾತಲ್ಲ, ಚಿತ್ರದ ಕೊನೆ. ರಾಜೀವನು ನಡೆದುಹೋಗುವ ದೃಶ್ಯಕ್ಕೆ ಐವತ್ತು ವರ್ಷಗಳಿಂದ ಕನ್ನಡಿಗರು ಕಣ್ಣೀರು ಹಾಕುತ್ತ ಬಂದಿದ್ದಾರೆ. ಆ ಮನೆಯಲ್ಲಿಯೂ ಗಂಡಸರು, “ಎಂಥ ತ್ಯಾಗಿ! ಒಂದು ಮಾತು ಆಡಲಿಲ್ಲ” ಎಂದು ಮೆಚ್ಚಿದರು. ಆಗ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ವೃದ್ಧ ತಾಯಿಯೊಬ್ಬರು, “ಆಡಬೇಕಾಗಿತ್ತು” ಎಂದರು. “ಅಕ್ಕನಿಗೆ ಒಂದು ಮಾತು ಹೇಳದೆ ಹೋದನಲ್ಲ, ಆಕೆ ಉಳಿದ ಆಯುಷ್ಯವನ್ನು ಹೇಗೆ ಕಳೆಯಬೇಕು? ಹೋದವನಿಗೆ ಹೆಸರು ಬಂತು. ಉಳಿದವರಿಗೆ ಪಾಪ ಬಂತು.”

ಆ ತಾಯಿಯ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಮಗೂ ಉತ್ತರ ಹೊಳೆಯಲಿಲ್ಲ. ಆದರೆ ಗೌರಿಬಿದನೂರಿನಲ್ಲಿ ನೆನೆದ ಭಂಡಾರದ ಪ್ರಸಂಗ ಮತ್ತೆ ನೆನಪಿಗೆ ಬಂದಿತು. ಇಬ್ಬರ ಮೇಲೆಯೂ ಬಂದದ್ದು ಒಂದೇ ಆಪಾದನೆ: ‘ನಮ್ಮದನ್ನು ಬೇರೆಯವರಿಗೆ ಸುರಿದೆ’ ಎಂಬುದು. ಒಬ್ಬರು ಬಾಗಿಲು ತೆರೆದು ಎಣಿಸೆಂದರು, ಇನ್ನೊಬ್ಬನು ಬಾಯಿ ಮುಚ್ಚಿಕೊಂಡು ಎದ್ದುಹೋದನು. ತನ್ನ ಕಡೆಯ ಸತ್ಯ ಮನೆಯವರಿಗೆ ತಿಳಿಯುವ ಹೊತ್ತಿಗೆ ರಾಜೀವನು ಬಲುದೂರ ಹೋಗಿದ್ದಾನೆ. ಮಕ್ಕಳು ಆಡಿದ್ದು ಖಂಡಿತವಾಗಿ ಕೃತಘ್ನತೆಯ ಮಾತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ತಪ್ಪನ್ನು ತಿದ್ದಿಕೊಳ್ಳುವ ಅವಕಾಶವನ್ನು ರಾಜೀವನ ಮೌನವು ಕಸಿದುಕೊಂಡಿತು ಎಂಬುದೂ ಅಷ್ಟೇ ನಿಜ.

ತೆಗೆದುಕೊಳ್ಳಲಾರದ ಕೈ

ಶಿಡ್ಲಘಟ್ಟದಲ್ಲಿ ‘ಕಸ್ತೂರಿ ನಿವಾಸ’ವನ್ನು ಒಂದೇ ಪಟ್ಟಿಗೆ ನೋಡಲಾಗಲಿಲ್ಲ. ನಾವು ಇಳಿದಿದ್ದ ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೆಯ ಜ್ವರ ಬಿಟ್ಟು ಎದ್ದಿದ್ದವು. ಆ ವಾರ ಹುಳುವಿನ ಹಸಿವಿಗೆ ಹಗಲು ರಾತ್ರಿಯ ಭೇದವಿಲ್ಲ. ಚಿತ್ರವನ್ನು ನಿಲ್ಲಿಸಿ ಮನೆಮಂದಿಯೆಲ್ಲ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಿ ಬಂದು ಮತ್ತೆ ಕುಳಿತರು. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿ, ಗೂಡು ಮಾರುಕಟ್ಟೆಗೆ ಹೋಗಿ ದರ ನಿಲ್ಲುವತನಕ ಆ ಮನೆಗೆ ನೆಮ್ಮದಿಯಿಲ್ಲ. ಕಾಯಕದ ನಡುವೆ ದೊರೆತ ಬಿಡುವಿನಲ್ಲಿ ಚಿತ್ರ ನೋಡುವ ಆ ರೀತಿ ನಮಗೆ ಬಹಳ ಹಿಡಿಸಿತು.

ದೊರೆ–ಭಗವಾನ್ ಜೋಡಿ ನಿರ್ದೇಶಿಸಿದ ಈ ಚಿತ್ರ 1971ರದು. 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನರು ಮುಗಿಬಿದ್ದು ನೋಡಿದರು. ಬೆಂಕಿಪೊಟ್ಟಣದ ಉದ್ಯಮಿ ರವಿವರ್ಮನದು ಕೊಡುವ ಮನೆತನ. ಕೈಯೊಡ್ಡಿ ಬೇಡಿದ್ದು ಆ ವಂಶದಲ್ಲಿಯೇ ಇಲ್ಲ. ತಾನು ಬೆಳೆಸಿದ ನೌಕರನೇ ಎದುರಾಳಿಯಾಗಿ ಬೆಳೆದು, ಉದ್ಯಮ ಕುಸಿದು, ಮನೆಯೂ ಕೈಬಿಟ್ಟುಹೋಗುತ್ತದೆ. ಆ ಮನೆಯನ್ನು ಹಿಂದಿರುಗಿಸಲು ಬಂದಾಗಲೂ ರವಿವರ್ಮನು ಒಪ್ಪುವುದಿಲ್ಲ. ಕಡೆಗೆ ಒಂದು ಮಗುವಿಗಾಗಿ ಅವನ ಪ್ರೀತಿಯ ಪಾರಿವಾಳವನ್ನು ಕೇಳಲು ಬರುತ್ತಾರೆ. ಬಂದವರಿಗೆ ಊಟವಿಕ್ಕಲು ಆ ಪಾರಿವಾಳವೇ ವೆಚ್ಚವಾಗಿಹೋಗಿರುತ್ತದೆ. ಇಲ್ಲವೆನ್ನಬೇಕಾದ ಆ ಗಳಿಗೆಯನ್ನು ಅವನ ಜೀವ ತಾಳಲಾರದು.

ಇಟಲಿಯ ಬೊಕಾಚಿಯೋ ಹದಿನಾಲ್ಕನೆಯ ಶತಮಾನದಲ್ಲಿ ಬರೆದ ಗಿಡುಗದ ಕಥೆಯೊಂದರ ಛಾಯೆ ಇಲ್ಲಿದೆ. ಆದರೆ ಕನ್ನಡದ ಮಣ್ಣಿನಲ್ಲಿ ಅದು ನಮ್ಮದೇ ಕಥೆಯಾಗಿ ಬೆಳೆದಿದೆ. ರಾಜ್‌ಕುಮಾರ್ ಅವರ ಅಭಿನಯ ಇಲ್ಲಿ ಎಷ್ಟು ಮಿತವೋ ಅಷ್ಟು ಗಾಢ. ತಳ್ಳಿದರೂ ಮತ್ತೆ ನೆಟ್ಟಗೆ ನಿಲ್ಲುವ ಗೊಂಬೆಯ ಹಾಡನ್ನು ಮನೆಯ ಮಕ್ಕಳೂ ಗುನುಗಿದರು. ಈ ನಾಲ್ಕರಲ್ಲಿ ಕಲೆಯ ದೃಷ್ಟಿಯಿಂದ ನಾವು ಮೊದಲ ಸ್ಥಾನ ಕೊಡುವುದು ಇದಕ್ಕೇ.

ಆದರೂ ರವಿವರ್ಮನನ್ನು ದಾಸೋಹಿಯೆಂದು ಕರೆಯಲು ನಮ್ಮ ಮನಸ್ಸು ಒಪ್ಪದು. ಕೊಡುವ ಕೈ ಸದಾ ಮೇಲಿರಬೇಕೆಂಬುದು ದೊರೆತನದ ಮಾತು. ‘ದಾಸೋಹ’ ಎಂಬ ಶಬ್ದದಲ್ಲಿಯೇ ದಾಸನಿದ್ದಾನೆ. ಜಂಗಮಕ್ಕೆ ನೀಡಿದವನು ಅದೇ ಪಂಕ್ತಿಯಲ್ಲಿ ಕುಳಿತು ಪ್ರಸಾದಕ್ಕೆ ಕೈಯೊಡ್ಡುತ್ತಾನೆ. ಕೊಡುವುದೂ ಕೊಳ್ಳುವುದೂ ಅಲ್ಲಿ ಒಂದೇ ಕ್ರಿಯೆಯ ಎರಡು ಮುಖಗಳು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಆ ಮನೆಯಲ್ಲಿ ಎಷ್ಟು ತರಬೇಕೆಂಬ ಲೆಕ್ಕ ಗಂಡಹೆಂಡಿರ ನಡುವೆ ಬಾಯಿಬಿಟ್ಟು ನಡೆಯಿತು. ಕಸ್ತೂರಿ ನಿವಾಸದಲ್ಲಿ ಅಂಥ ಮಾತನಾಡಬಲ್ಲವರೊಬ್ಬರು ಇದ್ದಿದ್ದರೆ ಪಾರಿವಾಳವೂ ಉಳಿಯುತ್ತಿತ್ತು, ಒಡೆಯನೂ ಉಳಿಯುತ್ತಿದ್ದನು.

ನಮ್ಮ ಮನೆಗಳ ಮಾತು

ಹಳೆಯ ಚಿತ್ರಗಳ ಪಾತ್ರಗಳನ್ನು ಇಷ್ಟು ಪ್ರಶ್ನಿಸುವುದೇಕೆ ಎಂದು ಕೇಳಬಹುದು. ಕಾರಣವಿದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣ ತೆರೆಯಿತು. ಅಂದಿನಿಂದ ಈ ಸೀಮೆಯ ನೆಲಕ್ಕೆ ಬಂದಿರುವ ಬೆಲೆಯನ್ನು ನಮ್ಮ ಅಜ್ಜಂದಿರು ಕನಸಿನಲ್ಲಿಯೂ ಕಂಡಿರಲಿಲ್ಲ. ರಾಗಿ ಬೆಳೆಯದ ಗೋಮಾಳದಂಚಿನ ತುಂಡುನೆಲಕ್ಕೂ ದಲ್ಲಾಳಿಗಳು ಬಾಗಿಲಿಗೆ ಬರುತ್ತಾರೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದೆ. ಇದು ಶರಣರ ಆಶಯಕ್ಕೆ ಒಪ್ಪುವ ನ್ಯಾಯವೇ ಸರಿ. ಆದರೆ ಬೆಲೆ ಏರಿದಂತೆಲ್ಲ ಅಣ್ಣತಮ್ಮಂದಿರು, ಅಕ್ಕತಂಗಿಯರು ನ್ಯಾಯಾಲಯದ ಜಗಲಿಯಲ್ಲಿ ಮುಖ ತಿರುಗಿಸಿ ಕೂರುವುದನ್ನೂ ನಾವು ನೋಡುತ್ತಿದ್ದೇವೆ.

ಇಂಥ ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ರಾಜೀವನಿರುತ್ತಾನೆ. ಓದು ಬಿಟ್ಟು ಹೊಲ ನೋಡಿಕೊಂಡ ಹಿರಿಯಣ್ಣ, ಮದುವೆಯನ್ನೇ ಮುಂದಕ್ಕೆ ಹಾಕಿ ತಮ್ಮಂದಿರನ್ನು ಓದಿಸಿದ ಅಕ್ಕ, ಒಡವೆಯನ್ನು ಅಡವಿಟ್ಟು ಕೊಳವೆಬಾವಿಗೆ ಹಣ ಕೊಟ್ಟ ಅತ್ತಿಗೆ. ಅವರು ಕೊಟ್ಟದ್ದು ಯಾವ ಪತ್ರದಲ್ಲಿಯೂ ಬರೆದಿರುವುದಿಲ್ಲ. ಪಾಲಿನ ದಿನ ‘ನೀನೇನು ಮಾಡಿದೆ?’ ಎಂಬ ಮಾತು ಬಂದಾಗ ಅವರು ಎಲೆಯ ಮುಂದಿನಿಂದ ಎದ್ದುಬಿಡುತ್ತಾರೆ. ಸಿನಿಮಾದಲ್ಲಿ ಅದು ಮಹಾತ್ಯಾಗ. ಮನೆಯಲ್ಲಿ ಅದು ಎರಡು ತಲೆಮಾರಿನ ಒಡಕು. ಒಬ್ಬರ ಮದುವೆಗೆ ಇನ್ನೊಬ್ಬರಿಲ್ಲ, ಒಬ್ಬರ ಮಣ್ಣಿಗೆ ಇನ್ನೊಬ್ಬರಿಲ್ಲ.

ಆದುದರಿಂದ ಗೃಹಸ್ಥ ಬಾಂಧವರಲ್ಲಿ ನಮ್ಮ ಬಿನ್ನಹವಿಷ್ಟು. ಮನೆಯಲ್ಲಿ ಯಾರು ಯಾರಿಗಾಗಿ ಏನನ್ನು ಬಿಟ್ಟುಕೊಟ್ಟರೆಂಬುದನ್ನು ಹಿರಿಯರು ಬದುಕಿರುವಾಗಲೇ, ಎಲ್ಲರೂ ಕೂಡಿದ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಲಿ. ಹೊಲದ ಆದಾಯ, ಸಾಲ, ವೆಚ್ಚಗಳ ಲೆಕ್ಕದ ಪುಸ್ತಕ ಮನೆಯ ಹೆಣ್ಣುಮಕ್ಕಳ ಕೈಗೂ ಸಿಗುವ ಜಾಗದಲ್ಲಿರಲಿ. ಕೊಟ್ಟವರು ‘ನಾನು ಕೊಟ್ಟೆ’ ಎಂದು ಜಂಭ ಕೊಚ್ಚುವುದು ಬೇಡ. ಆದರೆ ಕೇಳಿದಾಗ ತೆರೆದು ತೋರಿಸಲು ಹಿಂಜರಿಯುವುದೂ ಬೇಡ. ಲೆಕ್ಕ ಕೇಳಿದರೆಂದು ಮುನಿಯುವುದು ಶರಣರ ದಾರಿಯಲ್ಲ. ಹಾಗೆಯೇ ಲೆಕ್ಕ ಕೇಳುವವರು ಕೇಳುವ ಹೊತ್ತನ್ನೂ ದನಿಯನ್ನೂ ಅರಿತಿರಬೇಕು. ಉಣ್ಣುವವರ ಎಲೆಯ ಮುಂದೆ ಕೇಳುವ ಲೆಕ್ಕ ಲೆಕ್ಕವಲ್ಲ, ಹಿಂಸೆ.

ಮುಂದಿನ ಬಿಡುವಿನ ದಿನ ಈ ಚಿತ್ರಗಳಲ್ಲಿ ಒಂದನ್ನಾದರೂ ಮನೆಮಂದಿಯೆಲ್ಲ ಕೂಡಿ ನೋಡಿರೆಂದು ಕೋರುತ್ತೇವೆ. ಮುಗಿದ ಕೂಡಲೇ ಟೀವಿ ಆರಿಸಿ ಮಲಗಲು ಹೋಗದೆ ಅರ್ಧ ಗಳಿಗೆ ಕುಳಿತು ಮಾತನಾಡಿರಿ. ಮೊದಲು ಮಕ್ಕಳು ಮಾತನಾಡಲಿ, ಆಮೇಲೆ ತಾಯಂದಿರು, ಕೊನೆಗೆ ಯಜಮಾನರು. ರಾಜೀವನು ಎದ್ದುಹೋದದ್ದು ಸರಿಯೆ ಎಂದು ನಿಮ್ಮ ಮನೆಯ ಹಿರಿಯ ತಾಯಿಯನ್ನು ತಪ್ಪದೆ ಕೇಳಿರಿ. ಅವರು ಏನೆಂದರೆಂಬುದನ್ನು ನಮಗೂ ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಸ್ಥಳ ಕೊಡುತ್ತೇವೆ.